ಒಳಪುಟದ ಸುದ್ದಿ ಮತ್ತು ನಮ್ಮ ದಿನಗಳು: ಯುವ ಬರಹಗಾರರಿಗೊಂದು ಪತ್ರ

ಮೈಸೂರು

ಪ್ರಿಯ ಕಿರಿಯ ಮಿತ್ರರಿಗೆ,

ನಮಸ್ಕಾರ. ನೀವು ಕಳುಹಿಸಿದ ಮೂರು ಲೇಖನಗಳನ್ನೂ ಬಿಡುವು ಮಾಡಿಕೊಂಡು ಓದಿದೆ. ಪತ್ರಿಕೆಯಲ್ಲಿ ಬಂದ ಸುದ್ದಿಯೊಂದನ್ನು ಹಿಡಿದು, ಅದನ್ನು ನಮ್ಮ ದಿನನಿತ್ಯದ ಬದುಕಿನ ಪಕ್ಕದಲ್ಲಿಟ್ಟು ನೋಡಬೇಕೆಂಬ ನಿಮ್ಮ ಹಂಬಲ ನನಗೆ ಬಹಳ ಹಿಡಿಸಿತು. ನಿಮ್ಮ ಭಾಷೆ ಶುದ್ಧವಾಗಿದೆ, ಕಳಕಳಿಯೂ ನಿಜವಾದದ್ದೇ. ಆದರೆ ಮೂರೂ ಲೇಖನಗಳು ಎರಡನೆಯ ಪ್ಯಾರಾ ಮುಗಿಯುವ ಹೊತ್ತಿಗೆ ಸುದ್ದಿಯನ್ನು ಕೈಬಿಟ್ಟು, ಸಮಾಜ ಎತ್ತ ಸಾಗುತ್ತಿದೆ ಎಂಬ ಕಳವಳದ ಕಡೆಗೆ ಹೊರಳಿಬಿಡುತ್ತವೆ. ಆ ಸುದ್ದಿಯ ಜೊತೆ ನೀವು ಇನ್ನಷ್ಟು ಹೊತ್ತು ಇರಬೇಕಾಗಿತ್ತು ಎಂದು ಅನ್ನಿಸಿದ್ದರಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಮಹಿಳೆಯರ ಉಚಿತ ಬಸ್ ಪ್ರಯಾಣದ ಲೇಖನವನ್ನು ಮೊದಲು ನೋಡೋಣ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಾಗ ಬಸ್ಸುಗಳ ನೂಕುನುಗ್ಗಲು, ದೇವಸ್ಥಾನಗಳ ಜನಸಂದಣಿ ಪತ್ರಿಕೆಗಳಲ್ಲಿ ಚಿತ್ರಸಮೇತ ಬಂದವು. ನೀವು ಅವನ್ನೇ ಮತ್ತೊಮ್ಮೆ ಹೇಳಿ, ಯೋಜನೆ ಬೇಕೇ ಬೇಡವೇ ಎಂಬ ತೀರ್ಪಿಗೆ ಹೋಗಿದ್ದೀರಿ. ಆ ತೀರ್ಪನ್ನು ಸಂಪಾದಕೀಯ ಬರೆಯುವವರು ಅಂಕಿಅಂಶ ಮುಂದಿಟ್ಟುಕೊಂಡು ಕೊಡಲಿ. ನೀವು ದಿನವೂ ಬಸ್ಸಿನಲ್ಲಿ ಓಡಾಡುವವರು. ಕಂಡಕ್ಟರ್ ಹರಿದುಕೊಟ್ಟ ಶೂನ್ಯ ದರದ ಟಿಕೆಟ್ಟನ್ನು ಹೆಂಗಸರು ಇಳಿಯುವವರೆಗೂ ಎಲ್ಲಿ ಜೋಪಾನ ಮಾಡುತ್ತಾರೆ, ದುಡ್ಡು ಕೊಟ್ಟು ನಿಂತೇ ಬರುವ ಗಂಡಸರು ತಮ್ಮತಮ್ಮಲ್ಲಿ ಏನು ಮಾತಾಡಿಕೊಳ್ಳುತ್ತಾರೆ, ಹಬ್ಬಕ್ಕೊಮ್ಮೆ ಮಾತ್ರ ತವರಿಗೆ ಹೋಗುತ್ತಿದ್ದ ನಿಮ್ಮ ಅತ್ತಿಗೆಯೋ ಪಕ್ಕದ ಮನೆಯವರೋ ಈಗ ಎಷ್ಟು ಸಲ ಹೋಗಿಬರುತ್ತಾರೆ ಎಂಬುದೆಲ್ಲ ನಿಮಗಲ್ಲದೆ ಇನ್ನಾರಿಗೆ ಗೊತ್ತು? ಅದನ್ನು ಬರೆಯಿರಿ.

ಮುಖಪುಟದ ಸುದ್ದಿಯನ್ನು ಎಲ್ಲರೂ ಓದುತ್ತಾರೆ, ಎಲ್ಲರೂ ಅದರ ಬಗ್ಗೆ ಮಾತಾಡುತ್ತಾರೆ. ಹೀಗಾಗಿ ನಮ್ಮಂಥವರಿಗೆ ಬೇಕಾದದ್ದು ಹೆಚ್ಚಾಗಿ ಸಿಗುವುದು ಒಳಪುಟಗಳಲ್ಲಿ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರತಂದಾಗಿನಿಂದಲೂ ಊರ ವರ್ತಮಾನಕ್ಕೆ ನಮ್ಮ ಪತ್ರಿಕೆಗಳಲ್ಲಿ ಜಾಗವಿದೆ. ಇಂದು ಅದು ಜಿಲ್ಲಾ ಪುಟಗಳಿಗೆ ಸೇರಿಕೊಂಡಿದೆ. ಮೈಸೂರಿನ ಆವೃತ್ತಿಯಲ್ಲಿ ಬಂದದ್ದು ರಾಯಚೂರಿನವರ ಕಣ್ಣಿಗೆ ಬೀಳುವುದಿಲ್ಲ, ರಾಯಚೂರಿನದು ನಮಗೆ ಕಾಣುವುದಿಲ್ಲ. ಇ-ಪೇಪರ್ ಇರುವ ಈ ಕಾಲದಲ್ಲಿ ಬೇರೆ ಜಿಲ್ಲೆಯ ಪುಟವೊಂದನ್ನು ದಿನವೂ ಓದುವುದು ಕಷ್ಟವೇನಲ್ಲ. ಆಯ್ದ ಸುದ್ದಿಯನ್ನು ತೆಗೆದಿಡುವಾಗ ಪತ್ರಿಕೆಯ ಹೆಸರನ್ನೂ ದಿನಾಂಕವನ್ನೂ ಅದರ ಅಂಚಿನಲ್ಲಿ ಬರೆದುಕೊಳ್ಳಿ.

ಆ ಪುಟಗಳ ಕೆಳಮೂಲೆಯಲ್ಲಿ ಕಾಣೆಯಾದವರ ಬಗ್ಗೆ ಪೊಲೀಸ್ ಠಾಣೆಯ ಪ್ರಕಟಣೆಗಳಿರುತ್ತವೆ. ಎತ್ತರ ಐದು ಅಡಿ, ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಕಾಣೆಯಾದಾಗ ಹಸಿರು ಸೀರೆ ಉಟ್ಟಿದ್ದರು, ಕನ್ನಡ ಮತ್ತು ತೆಲುಗು ಮಾತನಾಡುತ್ತಾರೆ, ಸುಳಿವು ಸಿಕ್ಕವರು ಠಾಣೆಯನ್ನು ಸಂಪರ್ಕಿಸಬೇಕು ಎಂಬ ಧಾಟಿಯಲ್ಲಿ ಅವು ಸಾಗುತ್ತವೆ. ಸಾಮಾನ್ಯ ಹೆಂಗಸೊಬ್ಬಳು ಉಟ್ಟ ಸೀರೆಯ ಬಣ್ಣವನ್ನು ಪತ್ರಿಕೆಯು ಇಷ್ಟು ಕಾಳಜಿಯಿಂದ ಅಚ್ಚು ಹಾಕುವ ಜಾಗ ಬೇರೆ ಯಾವುದೂ ಇಲ್ಲ. ಅದನ್ನು ಓದುವಾಗಲೆಲ್ಲ ನನಗೆ ಠಾಣೆಯ ಮೇಜಿನ ಮುಂದೆ ಕುಳಿತು ಈ ವಿವರಗಳನ್ನು ಹೇಳಿ ಬರೆಸಿದವರ ನೆನಪೇ ಬರುತ್ತದೆ. ಗಂಡನೋ ಮಗನೋ ತಂಗಿಯೋ ಆಗಿರಬಹುದಾದ ಅವರು, ಇಪ್ಪತ್ತು ಮೂವತ್ತು ವರ್ಷ ಜೊತೆಯಲ್ಲೇ ಇದ್ದವರ ಮುಖ ಕೋಲೋ ದುಂಡೋ ಎಂದು ಅಂದೇ ಮೊದಲ ಬಾರಿಗೆ ಯೋಚಿಸಿರುತ್ತಾರೆ. ಕಾಣೆಯಾದವರು ಮನೆಗೆ ಮರಳಿದರೆ ಅದನ್ನು ತಿಳಿಸುವ ಪ್ರಕಟಣೆ ಸಾಮಾನ್ಯವಾಗಿ ಬರುವುದಿಲ್ಲ, ಮರಳದಿದ್ದರೂ ಬರುವುದಿಲ್ಲ.

ಇಂಥ ಪ್ರಕಟಣೆಯನ್ನು ಹಿಡಿದು ನೀವು ಬರೆಯುವುದಾದರೆ, ಆಕೆ ಯಾಕೆ ಹೋದಳೆಂದು ದಯವಿಟ್ಟು ಊಹಿಸಬೇಡಿ. ಊಹೆಗೆ ಇಳಿದ ಕೂಡಲೇ ಅತ್ತೆಯ ಕಾಟ, ಸಾಲ, ಪ್ರೇಮ ಎಂದು ನಾಲ್ಕು ಸಿದ್ಧ ಕಥೆಗಳು ಓಡಿಬರುತ್ತವೆ, ಅವುಗಳಲ್ಲಿ ಒಂದೂ ಆಕೆಯದಾಗಿರುವುದಿಲ್ಲ. ಅದರ ಬದಲು ನಿಮ್ಮ ಮನೆಯವರ ಚಹರೆಯನ್ನು ಅದೇ ಮಾದರಿಯಲ್ಲಿ ಬರೆಯಲು ಕುಳಿತುಕೊಳ್ಳಿ. ಈ ಬೆಳಿಗ್ಗೆ ನಿಮ್ಮ ತಂದೆ ಯಾವ ಬಣ್ಣದ ಅಂಗಿ ತೊಟ್ಟು ಹೊರಟರು? ತಾಯಿಯ ಎಡಗೈಯ ಮೇಲಿರುವುದು ಹಚ್ಚೆಯೋ, ಒಗ್ಗರಣೆಯ ಎಣ್ಣೆ ಸಿಡಿದು ಉಳಿದ ಕಲೆಯೋ? ಉತ್ತರ ಹೊಳೆಯದೆ ತಡವರಿಸುವ ಆ ಜಾಗದಲ್ಲಿ ನಿಮ್ಮ ಲೇಖನವಿದೆ ಎಂದು ನಾನು ನಂಬಿದ್ದೇನೆ.

ಇಂಥ ಬರಹವನ್ನು ಸಾಹಿತ್ಯವೆಂದು ಯಾರಾದರೂ ಒಪ್ಪುತ್ತಾರೆಯೇ ಎಂದು ಕೇಳಿದ್ದೀರಿ. ಹಾ.ಮಾ. ನಾಯಕರ ಅಂಕಣ ಬರಹಗಳ ಸಂಕಲನ ‘ಸಂಪ್ರತಿ’ಗೆ 1989ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟು ಕೆಲಸ ಮುಂದುವರಿಸಿ.

ಎರಡನೆಯ ಲೇಖನದ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿ ಹೇಳಬೇಕಾಗಿದೆ. ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರನ್ನು ನೀವು ಬರೆದಿಲ್ಲ, ನಿಜ. ಆದರೆ ಊರಿನ ಹೆಸರು, ಶಾಲೆಯ ಸಮವಸ್ತ್ರ, ತಂದೆಯ ಕಸುಬು, ಮನೆ ಇರುವ ಬೀದಿಯ ಗುಡಿ ಎಲ್ಲವನ್ನೂ ಬರೆದಿದ್ದೀರಿ. ಆ ಊರಿನವರಿಗೆ ಹೆಸರು ತಿಳಿಯಲು ಇನ್ನೇನು ಬೇಕು? ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಮಗುವಿನ ಹೆಸರನ್ನಷ್ಟೇ ಅಲ್ಲದೆ ವಿಳಾಸ, ಶಾಲೆ, ನೆರೆಹೊರೆ ಸೇರಿದಂತೆ ಗುರುತು ಬಿಟ್ಟುಕೊಡುವ ಯಾವ ವಿವರವನ್ನೂ ಮಾಧ್ಯಮದಲ್ಲಿ ಪ್ರಕಟಿಸಬಾರದೆನ್ನುತ್ತದೆ. ಕಾನೂನು ಹಾಗಿರಲಿ, ಆ ಮಗು ಬೆಳೆದು ದೊಡ್ಡವಳಾಗಿ ಒಂದು ದಿನ ನಿಮ್ಮ ಲೇಖನವನ್ನು ಓದುತ್ತಾಳೆ ಎಂದೇ ತಿಳಿದು ಬರೆಯಬೇಕು. ಈ ಲೇಖನವನ್ನು ಎಲ್ಲಿಗೂ ಕಳುಹಿಸಬೇಡಿ.

ಉಳಿದದ್ದು ಟೊಮೆಟೊ. ಮೂರರಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಇದರ ಮೇಲೆಯೇ. 2023ರ ಜುಲೈಯಲ್ಲಿ ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ 15 ಕೆ.ಜಿ.ಯ ಬಾಕ್ಸಿನ ದರ ಎರಡು ಸಾವಿರ ರೂಪಾಯಿ ದಾಟಿದ್ದನ್ನೂ, ಹಾಸನ ಜಿಲ್ಲೆಯಲ್ಲಿ ಹೊಲದಿಂದಲೇ ಹಣ್ಣು ಕಳುವಾದದ್ದನ್ನೂ ನೆನಪಿಸಿ, ನೀವು ಕೂಡಲೇ ಮನುಷ್ಯನ ದುರಾಸೆಯ ಮಾತಿಗೆ ಹೋಗಿದ್ದೀರಿ. ಅಷ್ಟರಲ್ಲಿ ಬೆಳೆಯೇ ಮರೆತುಹೋಯಿತು. ನಾಟಿ ಮಾಡಿದ ಎರಡು ಎರಡೂವರೆ ತಿಂಗಳಿಗೆ ಕೊಯ್ಲಿಗೆ ಬರುವ, ಕೊಯ್ದ ಮೇಲೆ ಹೆಚ್ಚು ದಿನ ಇಟ್ಟುಕೊಳ್ಳಲಾಗದ ಹಣ್ಣು ಅದು. ದರ ಏರಿದಾಗ ಆಸೆಯಿಂದ ನಾಟಿ ಮಾಡಿದವರೆಲ್ಲರ ಹಣ್ಣೂ ಒಟ್ಟಿಗೇ ಮಾರುಕಟ್ಟೆಗೆ ಬರುತ್ತದೆ. ಅದೇ ವರ್ಷ ಸೆಪ್ಟೆಂಬರ್ ಹೊತ್ತಿಗೆ ದರ ನೆಲಕಚ್ಚಿತ್ತು. ಜುಲೈಯ ಸುದ್ದಿಯನ್ನು ಸೆಪ್ಟೆಂಬರಿನ ಸುದ್ದಿಯ ಜೊತೆಗಿಟ್ಟು ಓದಿದರೆ ಮಾತ್ರ ಅದು ಒಂದು ಮನೆಯ ಸಾಲದ, ಮಗಳ ಕಾಲೇಜು ಫೀಸಿನ ವಿಷಯವಾಗುತ್ತದೆ.

ಇತ್ತ ನಿಮ್ಮ ಅಡುಗೆಮನೆಯನ್ನೂ ಬಿಡಬೇಡಿ. ಆ ತಿಂಗಳು ಸಾರಿಗೆ ಹುಣಸೆಹಣ್ಣನ್ನು ಹೆಚ್ಚು ಕಿವುಚಿದರೇ, ನೀವು ಊಟ ಮಾಡುವ ಮೆಸ್ಸಿನ ಬೋರ್ಡಿನಿಂದ ಟೊಮೆಟೊ ಬಾತ್ ಅಳಿಸಿಹೋಯಿತೇ, ತಳ್ಳುಗಾಡಿಯವರು ಎರಡೇ ಹಣ್ಣು ತೂಗಿಕೊಡಲು ಒಪ್ಪಿದರೇ ಎಂದು ಮನೆಯವರನ್ನೂ ನೆರೆಯವರನ್ನೂ ಕೇಳಿ. ಆಮೇಲೆ ಒಂದು ದಿನ ಕೋಲಾರಕ್ಕೆ ಹೋಗಿ ಹರಾಜು ನೋಡಿಕೊಂಡು ಬನ್ನಿ. ಹರಾಜು ಮುಗಿದ ಮೇಲೆ ಬೆಳೆಗಾರರೊಬ್ಬರ ಪಕ್ಕ ಕುಳಿತು, ಗಾಡಿ ಬಾಡಿಗೆ, ಕೊಯ್ಲಿನ ಕೂಲಿ, ಕಮಿಷನ್ ಕಳೆದು ಕೈಗೆ ಉಳಿದದ್ದೆಷ್ಟು ಎಂದು ವಿಚಾರಿಸಿ, ಅವರು ಒಪ್ಪಿದರೆ ಆ ಲೆಕ್ಕವನ್ನು ಹಾಗೆಯೇ ಬರೆದುಕೊಳ್ಳಿ. ಲೇಖನವನ್ನು ಆ ಲೆಕ್ಕದಿಂದಲೇ ಶುರುಮಾಡಿ ನನಗೆ ಕಳುಹಿಸಿ, ಓದಲು ಕಾಯುತ್ತಿರುತ್ತೇನೆ.

ನಿಮ್ಮ ಹಿತೈಷಿ