ಶಾಸಕರೇ, ಆ ಮೋಟಾರು ರಿಪೇರಿ ಮಾಡಿಸಿ ಸಾಕು

ಮಾನ್ಯ ಶಾಸಕರಿಗೆ,

ಮೈಸೂರಿನ ನಿಮ್ಮ ಮತದಾರಳೊಬ್ಬಳ ನಮಸ್ಕಾರಗಳು.

ನಮ್ಮ ಬೀದಿ ಕೊನೆಯ ಹಳೇ ಬಂಗಲೆ ನಿಮಗೆ ಗೊತ್ತೇ ಇದೆ. ಅದಕ್ಕೆ ಪಾರಂಪರಿಕ ಕಟ್ಟಡ ಅಂತ ಬೋರ್ಡು ಹಾಕಿದ ದಿನ ಟೇಪು ಕತ್ತರಿಸಿದವರು ನೀವೇ. ಅದರ ಹಿತ್ತಿಲಲ್ಲಿ ಒಂದು ಕೈತೋಟ ಇದೆ. ಇತ್ತು ಅನ್ನಬೇಕೋ ಏನೋ. ಅಲ್ಲಿನ ಬಾವಿಯ ಮೋಟಾರು ಸುಟ್ಟು ಇದು ಎರಡನೇ ಬೇಸಿಗೆ.

ನಾವು ನಾಲ್ಕೈದು ಜನ ಹೆಂಗಸರು ಒಪ್ಪಿಗೆ ಪಡೆದೇ ಅಲ್ಲಿ ಗಿಡ ಬೆಳೆಸುತ್ತಿದ್ದೆವು. ಶಿವರಾತ್ರಿ ಕಳೆದ ಮೇಲೆ ಬೆಂಡೆ, ಗೋರಿಕಾಯಿ, ಹೀರೆ. ಅಂಚಿಗೆ ಚೆಂಡುಹೂವು, ಕನಕಾಂಬರ. ಕಾಂಪೌಂಡ್ ಬದಿಗೆ ಮೈಸೂರು ಮಲ್ಲಿಗೆ. ಈ ಊರಿನದೇ ವಿಶೇಷ ಅಂತ ಸರ್ಕಾರದ ಜಿಐ ಟ್ಯಾಗ್ ಸಿಕ್ಕಿರುವ ಮಲ್ಲಿಗೆ ಸ್ವಾಮಿ, ನಿಮ್ಮ ಭಾಷಣದಲ್ಲೂ ಬರುತ್ತದೆ. ಚಳಿಗಾಲದಲ್ಲಿ ರೆಂಬೆ ಸವರಿ, ನೀರು ತಡೆದು, ಆಮೇಲೆ ಗೊಬ್ಬರ ಕೊಟ್ಟು ನೀರು ಬಿಟ್ಟರೆ ಮಾರ್ಚ್‌ನಿಂದ ಮೊಗ್ಗೋ ಮೊಗ್ಗು. ಸವರಿದ್ದೂ ಆಯಿತು, ತಡೆದದ್ದೂ ಆಯಿತು. ಬಿಡುವುದಕ್ಕೆ ನೀರೆಲ್ಲಿ?

ನನಗೆ 64 ವರ್ಷ. ಮಂಡಿ ನೋವು. ಹೋದ ಬೇಸಿಗೆಯಲ್ಲಿ ಬೆಳಿಗ್ಗೆ ಎರಡು, ಸಂಜೆ ಎರಡು ಬಕೆಟ್ ನೀರು ಮನೆಯಿಂದ ಹೊತ್ತೆ. ಎಳೇ ಬೆಂಡೆಯ ತುದಿ ಮುರಿದರೆ ಲಟಕ್ ಅನ್ನಬೇಕು. ನಮ್ಮದು ದಾರದ ಹಾಗೆ ಬಾಗುತ್ತಿತ್ತು. ಆದರೂ ಕಾಯಿ ಬಿಟ್ಟಿತ್ತು.

ಆಗ ಬಂತು ನಿಮ್ಮ ಕಾರ್ಯಕ್ರಮ. ಬೆಳಿಗ್ಗೆಯೇ ಲಾರಿಯಲ್ಲಿ ಬಾಡಿಗೆ ಹೂಕುಂಡ ಬಂದವು. ಬೆಂಡೆ ಸಾಲಿನ ಮೇಲೇ ಇಟ್ಟರು. "ಕಾಯಿ ಬಿಟ್ಟಿರೋ ಗಿಡ ಕಾಣಲ್ವೇನಪ್ಪಾ?" ಅಂದೆ. "ಫೋಟೋದಲ್ಲಿ ಹೂವು ಕಾಣಬೇಕಂತೆ ಅಮ್ಮಾ, ಬೆಂಡೆಕಾಯಿ ಅಲ್ಲ" ಅಂದ ಹುಡುಗ. ಅವನದೇನೂ ತಪ್ಪಿಲ್ಲ ಬಿಡಿ. ಆ ಕುಂಡಗಳಿಗೆ ನೀರು ಹಾಕಲು ಟ್ಯಾಂಕರ್ ಬೇರೆ! ಉಳಿದ ನೀರನ್ನಾದರೂ ಮಲ್ಲಿಗೆ ಬುಡಕ್ಕೆ ಬಿಡಿ ಅಂತ ಬೇಡಿಕೊಂಡೆ. "ಬಿಲ್ ಆಗಿರೋದು ಕುಂಡಕ್ಕೆ" ಅಂದರು. ಸಂಜೆ ಕುಂಡಗಳು ಲಾರಿ ಹತ್ತಿದವು. ಕೆಳಗೆ ಬೆಂಡೆ ಚಟ್ನಿ ಆಗಿತ್ತು. ಫೋಟೋ ಚೆನ್ನಾಗಿ ಬಂದಿದೆ, ನೋಡಿದೆ.

ದಸರಾ ಬಂದರೆ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಊರೇ ನುಗ್ಗುತ್ತದೆ. ಬೇಸಿಗೆಯ ತೋಟ ಯಾರಿಗೂ ಬೇಡ, ಅಲ್ವಾ? 2012ರಲ್ಲಿ ನಮ್ಮೂರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದಾಗ ಊರೆಲ್ಲ ಓಡಿಬಂತು. ತೋಟ ಒಣಗಿದರೆ ಸದ್ದೇ ಆಗುವುದಿಲ್ಲ ನೋಡಿ.

ಹಳೇ ಮನೆಯ ಜೊತೆ ಅದರ ಅಂಗಳ, ಹಿತ್ತಿಲನ್ನೂ ಕಾಪಾಡಬೇಕು ಅನ್ನುವುದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಮೋಟಾರು ರಿಪೇರಿ ಮಾಡಿಸಿ. ಮೂರು ಅರ್ಜಿ ಕೊಟ್ಟಿದ್ದೇನೆ. "ಫೈಲು ಮೇಲೆ ಹೋಗಿದೆ" ಅನ್ನುತ್ತಾರೆ. ನಮಗೆ ಬೇಕಾದ ನೀರು ಕೆಳಗಿದೆ ಸ್ವಾಮಿ, ಬಾವಿಯಲ್ಲಿ. ಹೊಸ ಕಾರಂಜಿ, ಲಾನ್, ಸೆಲ್ಫಿ ಪಾಯಿಂಟ್ ಏನೂ ಬೇಡ. ಒಳಗಿನ ತಂತಿ ಹೊಸದಾಗಿ ಸುತ್ತಿಸಿ ರಿವೈಂಡಿಂಗ್ ಮಾಡಿಸಿದರೆ ಸಾಕು ಅಂತ ಮೆಕ್ಯಾನಿಕ್ ನೋಡಿ ಹೇಳಿದ್ದಾನೆ.

ಈ ಸಲದ ಬೀಜ ಇನ್ನೂ ಡಬ್ಬಿಯಲ್ಲೇ ಇದೆ. ಯುಗಾದಿಗೆ ಮುಂಚೆ ಮೋಟಾರು ರಿಪೇರಿ ಮಾಡಿಸಿ. ಆಮೇಲೆ ನೀವು ಯಾವಾಗ ಬೇಕಾದರೂ ಬನ್ನಿ, ಕುಂಡ ಮಾತ್ರ ತರಿಸಬೇಡಿ.

ಇಂತಿ,
ಬಂಗಲೆ ಬೀದಿಯ ಒಬ್ಬಳು ಮತದಾರಳು