ಕೂಸಿನ ಬಟ್ಟೆಯಲ್ಲಿ ಏನೂ ಉಳಿಯಬಾರದು

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಹೆರಿಗೆ ಸುಸೂತ್ರವಾಗಿ ಆಗಿ ನೀನೂ ಕೂಸೂ ಮನೆಗೆ ಬಂದಿರುವುದು ತಿಳಿದು ನಮಗೆಲ್ಲ ನೆಮ್ಮದಿಯಾಯಿತು. ಕೂಸಿನ ಬಟ್ಟೆ ಒಗೆಯುವಾಗ ಸುವಾಸನೆಯ ಸೋಪಿನ ದ್ರವದ ಜೊತೆಗೆ ಕ್ರಿಮಿನಾಶಕವನ್ನೂ ಸುರಿಯುತ್ತಿದ್ದೀರೆಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಹೆರಿಗೆ ವಾರ್ಡಿನಲ್ಲಿ ಸಿಸ್ಟರ್ ಆಗಿ ದುಡಿದು ನಿವೃತ್ತಳಾದ ನಾನು ಅದನ್ನು ಕೇಳಿ ಸುಮ್ಮನಿರಲಾರೆ. ಕೂಸಿನ ಬಟ್ಟೆಯಿಂದ ಕೊಳೆ ಹೋಗುವುದು ಎಷ್ಟು ಮುಖ್ಯವೋ, ಕೊಳೆ ತೆಗೆಯಲೆಂದು ನಾವು ಹಾಕಿದ್ದು ಪೂರ್ತಿ ಹೋಗುವುದೂ ಅಷ್ಟೇ ಮುಖ್ಯ.

ಎಳೆಗೂಸಿನ ಚರ್ಮ ಬಹಳ ತೆಳು. ತೂಕಕ್ಕೆ ಹೋಲಿಸಿದರೆ ಅದರ ಮೈಯ ಹರಹು ನಮ್ಮದಕ್ಕಿಂತ ಹೆಚ್ಚಿರುವುದರಿಂದ, ಮೈಗೆ ತಾಗಿದ್ದು ಒಳಸೇರುವ ಪ್ರಮಾಣವೂ ಹೆಚ್ಚು. 1967ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಒಂದು ಆಸ್ಪತ್ರೆಯಲ್ಲಿ ಹಸುಗೂಸುಗಳು ವಿಪರೀತ ಬೆವರಿ, ಜ್ವರ ಏರಿ, ಉಸಿರಾಡಲು ಕಷ್ಟಪಟ್ಟು, ಕೊನೆಗೆ ಎರಡು ಕೂಸುಗಳು ತೀರಿಹೋದವು. ಬಟ್ಟೆಗೆ ಬೂಷ್ಟು ಹಿಡಿಯದಿರಲೆಂದು ಲಾಂಡ್ರಿಯಲ್ಲಿ ಬಳಸುತ್ತಿದ್ದ ಪೆಂಟಾಕ್ಲೋರೋಫೀನಾಲ್ ಎಂಬ ರಾಸಾಯನಿಕವು ಲಂಗೋಟಿಯಲ್ಲೂ ಹಾಸಿಗೆ ಬಟ್ಟೆಯಲ್ಲೂ ಉಳಿದುಕೊಂಡು ಚರ್ಮದ ಮೂಲಕ ಒಳಗೆ ಇಳಿದಿತ್ತು. ನೀವು ಬಳಸುತ್ತಿರುವುದು ಅಂಥ ವಿಷವಲ್ಲ, ಹೆದರಬೇಡ. ಆದರೆ ಆರೋಗ್ಯವಾಗಿರುವ ಕೂಸಿನ ದಿನನಿತ್ಯದ ಬಟ್ಟೆಗೆ ಸೋಪು, ನೀರು, ಬಿಸಿಲು ಸಾಕಾಗಿರುವಾಗ ಕ್ರಿಮಿನಾಶಕದ ಅಗತ್ಯವೇ ಇಲ್ಲ. ಬಟ್ಟೆ ಮೆತ್ತಗಾಗಲೆಂದು ಕೊನೆಯಲ್ಲಿ ಹಾಕುವ ದ್ರವವನ್ನೂ ಬಿಟ್ಟುಬಿಡು. ಅದು ನೂಲಿನ ಮೇಲೆ ಪದರದಂತೆ ಕೂತು, ಹತ್ತಿಯ ಲಂಗೋಟಿ ಉಚ್ಚೆ ಹೀರದಂತೆ ಮಾಡುತ್ತದೆ.

ಇದಕ್ಕಿಂತಲೂ ಗಟ್ಟಿಯಾಗಿ ಹೇಳಬೇಕಾದದ್ದು ನುಸಿಗುಳಿಗೆಯ ವಿಷಯ. ನಿನ್ನ ಅಮ್ಮ ನಿನ್ನದೇ ಹಳೆಯ ಕುಲಾವಿ, ಅಂಗಿ, ಕೌದಿಗಳನ್ನು ಟ್ರಂಕಿನಿಂದ ತೆಗೆದು ತಂದಿದ್ದಾಳೆ. ಹಳೆಯ ಹತ್ತಿ ಬಟ್ಟೆ ಕೂಸಿಗೆ ಒಳ್ಳೆಯದೇ. ಒಗೆದು ಒಗೆದು ಮೆತ್ತಗಾದ ಪಂಚೆಯಷ್ಟು ಹಿತವಾದ ಬಟ್ಟೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆದರೆ ಟ್ರಂಕಿನಲ್ಲಿ ನ್ಯಾಫ್ತಲೀನ್ ಗುಳಿಗೆಗಳಿದ್ದರೆ ಆ ಬಟ್ಟೆಯನ್ನು ಹಾಗೆಯೇ ಕೂಸಿಗೆ ತೊಡಿಸಲೇಬೇಡ. ಜಿ-6-ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆಯಿರುವ ಮಕ್ಕಳಲ್ಲಿ ಆ ಗುಳಿಗೆಯ ಆವಿಯೇ ಕೆಂಪು ರಕ್ತಕಣಗಳನ್ನು ಒಡೆದು, ಕಾಮಾಲೆಯನ್ನು ಮಿದುಳಿಗೆ ಅಪಾಯವಾಗುವ ಮಟ್ಟಕ್ಕೆ ಏರಿಸಬಲ್ಲದು. ಪರೀಕ್ಷೆ ಮಾಡಿಸದೆ ಯಾವ ಕೂಸಿಗೆ ಈ ಕೊರತೆಯಿದೆಯೆಂದು ನೋಡಿ ಹೇಳಲು ಬರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ, ಆ ವಾಸನೆ ಹಿಡಿದ ಕೌದಿಯನ್ನು ಕೂಸಿನ ಕೋಣೆಗೇ ತರದಿರುವುದು ಲೇಸು. ಮುಂದೆ ಬಟ್ಟೆ ಎತ್ತಿಡುವಾಗ ಒಣಗಿದ ಬೇವಿನ ಸೊಪ್ಪನ್ನೋ ಲಾವಂಚದ ಬೇರನ್ನೋ ಇಟ್ಟರಾಯಿತು. ಗುಳಿಗೆಯ ಬದಲಿಗೆ ಕರ್ಪೂರವನ್ನು ಮಾತ್ರ ಇಡಬೇಡ, ಅದೂ ಕೂಸಿಗೆ ಹಿತವಲ್ಲ.

ಇನ್ನು ಒಗೆಯುವ ಕ್ರಮ. ಮೊದಲ ಎರಡು ಮೂರು ದಿನದ ಕಪ್ಪಗೆ ಅಂಟಂಟಾದ ಮಲವಾಗಲಿ, ಆಮೇಲಿನ ಹಳದಿ ಮಲವಾಗಲಿ, ಕಕ್ಕಿದ ಹಾಲಾಗಲಿ, ಬಟ್ಟೆಯ ಮೇಲೆ ಒಣಗಲು ಬಿಡದೆ ಕೂಡಲೇ ತಣ್ಣೀರಿನಲ್ಲಿ ಜಾಲಿಸಬೇಕು. ಬಿಸಿನೀರು ಮೊದಲೇ ಬಿದ್ದರೆ ಹಾಲಿನ ಸಸಾರಜನಕ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಂಡು ಕಲೆ ಕೂತುಬಿಡುತ್ತದೆ. ಕಲೆ ಹೋದ ಮೇಲೆ ಬಿಸಿನೀರು ಹಾಕಬಹುದು. ಲಂಗೋಟಿಗಳನ್ನು ಬೇರೆ ಬಕೆಟ್ಟಿನಲ್ಲಿ ಇಟ್ಟು, ದೊಡ್ಡವರ ಬಟ್ಟೆಯೊಡನೆ ಬೆರೆಸದೆ ಒಗೆ. ಅಂಗಡಿಯಿಂದ ತಂದ ಹೊಸ ಬಟ್ಟೆಯ ಗಂಜಿ, ಬಣ್ಣದ ಶೇಷ ಹೋಗಲು ಅದನ್ನೂ ಒಮ್ಮೆ ಒಗೆದೇ ತೊಡಿಸು. ಅಂಟುವಾಳದ ನೀರಿನಲ್ಲಿ ಒಗೆಯುವುದಾದರೆ ಸಂತೋಷ, ಆದರೆ ಅದನ್ನೂ ಸೋಪಿನಂತೆಯೇ ಚೆನ್ನಾಗಿ ಜಾಲಿಸಬೇಕು.

ನಿಮ್ಮ ಅಪಾರ್ಟ್‌ಮೆಂಟಿಗೆ ಬರುವುದು ಬೋರ್‌ವೆಲ್ ನೀರೆಂದು ಕೇಳಿದ್ದೇನೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಾರ್ ಸೋಪಿನೊಡನೆ ಸೇರಿ ಬೆಳ್ಳಗಿನ ಗಷ್ಟಾಗಿ ಬಟ್ಟೆಗೆ ಅಂಟಿಕೊಳ್ಳುತ್ತವೆ; ಒಣಗಿದ ಲಂಗೋಟಿ ಒರಟಾಗಿ, ನಿಂತಲ್ಲೇ ನಿಲ್ಲುವಷ್ಟು ಬಿರುಸಾಗಿದ್ದರೆ ಕಾರಣ ಅದೇ. ಅಂಥ ನೀರಿಗೆ ವಾಸನೆ, ಬಣ್ಣ ಇಲ್ಲದ ಸೌಮ್ಯ ದ್ರವ ಸೋಪೇ ಸೂಕ್ತ, ಅದೂ ಡಬ್ಬಿಯ ಮೇಲೆ ಬರೆದುದಕ್ಕಿಂತ ಕಡಿಮೆ. ಮಶೀನಿನಲ್ಲಿ ಜಾಲಿಸುವ ಸುತ್ತನ್ನು ಒಂದು ಹೆಚ್ಚಿಗೆ ಇಡು. ಕೊನೆಯ ನೀರಿನಲ್ಲಿ ಲಂಗೋಟಿಯನ್ನು ಅಂಗೈಯಲ್ಲಿ ಹಿಂಡಿ ನೋಡು. ಇಳಿಯುವ ನೀರಿನಲ್ಲಿ ನೊರೆ ಇರಬಾರದು, ಬೆರಳಿಗೆ ಜಾರು ತಾಗಬಾರದು, ಮೂಗಿಗೆ ಹಿಡಿದರೆ ಯಾವ ವಾಸನೆಯೂ ಬರಬಾರದು.

ಹಳದಿ ಕಲೆ ಉಳಿದರೆ ಬ್ಲೀಚು ಬೇಡ. ಒದ್ದೆಯಾಗಿರುವಾಗಲೇ ಬಿಸಿಲಿಗೆ ಹಾಕು. ಆ ಹಳದಿಗೆ ಮುಖ್ಯ ಕಾರಣ ಪಿತ್ತರಸದಲ್ಲಿರುವ ಬಿಲಿರುಬಿನ್ ಎಂಬ ಹಳದಿ ವಸ್ತು, ಬೆಳಕು ಬಿದ್ದರೆ ಅದು ಒಡೆಯುತ್ತದೆ. ಕಾಮಾಲೆಯಾದ ಕೂಸನ್ನು ಆಸ್ಪತ್ರೆಯಲ್ಲಿ ನೀಲಿ ದೀಪದಡಿ ಮಲಗಿಸುವುದೂ ಇದೇ ತತ್ವದಿಂದ.

ಈ ಮಳೆಗಾಲದಲ್ಲಿ ಒಣಗಿಸುವುದೇ ದೊಡ್ಡ ಪಾಡು. ನಮ್ಮ ಮಲೆನಾಡಿನಲ್ಲಿ ಬಚ್ಚಲೊಲೆಯ ಮೇಲೆ ಗಳ ಕಟ್ಟಿ ಒಣಗಿಸುತ್ತೇವೆ. ನಿನಗೆ ಆ ಅನುಕೂಲವಿಲ್ಲ. ಫ್ಯಾನಿನಡಿ ಒಂದರ ಮೇಲೊಂದು ಬೀಳದಂತೆ ಹರವಿ, ಆಮೇಲೆ ಎರಡೂ ಬದಿಗೆ ಇಸ್ತ್ರಿ ಹಾಕು. ಸೊಂಟದ ಪಟ್ಟಿ, ಹೊಲಿಗೆಯ ಅಂಚುಗಳಲ್ಲಿ ತೇವ ಕೊನೆಯವರೆಗೂ ಉಳಿಯುತ್ತದೆ, ಅಲ್ಲಿ ಬೆರಳಿಟ್ಟು ನೋಡಿಯೇ ಮಡಿಸು. ಅರೆಹಸಿ ಲಂಗೋಟಿಯಿಂದ ತೊಡೆಸಂದಿನಲ್ಲಿ ಬೂಷ್ಟಿನ ಸೋಂಕು ಬೇಗ ಹತ್ತುತ್ತದೆ. ಬಾಲ್ಕನಿಯಲ್ಲಿ ಹಾಕಿದ್ದನ್ನು ಪಾರಿವಾಳದ ಹಿಕ್ಕೆ, ಕಂಬಳಿಹುಳ ಇಲ್ಲವೆಂದು ನೋಡಿ, ಸಂಜೆಗೆ ಮುಂಚೆ ಒಳಗೆ ತೆಗೆದುಕೋ. ಬಟ್ಟೆಗೆ ಸಾಂಬ್ರಾಣಿ ಹೊಗೆ ಹಿಡಿಯಬೇಕೆಂದು ಯಾರಾದರೂ ಹೇಳಿದರೆ ಹಿರಿಯರೆಂಬ ಗೌರವದಿಂದಲೇ ಬೇಡವೆನ್ನು. ಎಳೆಯ ಶ್ವಾಸಕೋಶಕ್ಕೆ ಯಾವ ಹೊಗೆಯೂ ಸಲ್ಲದು.

ಹಾಸಿಗೆಯ ವಿಷಯ ಸರಳ. ಕೌದಿ ದಪ್ಪವಿದ್ದಷ್ಟೂ ಒಳಗೆ ಒಣಗುವುದಿಲ್ಲವಾದ್ದರಿಂದ, ಗಟ್ಟಿಯಾದ ಸಮ ಹಾಸಿಗೆಯ ಮೇಲೆ ರಬ್ಬರ್ ಶೀಟು, ಅದರ ಮೇಲೆ ಬಿಗಿಯಾಗಿ ಸಿಕ್ಕಿಸಿದ ತೆಳು ಬಟ್ಟೆ ಇರಲಿ. ಒದ್ದೆಯಾದಾಗ ಬಟ್ಟೆ ಬದಲಾಯಿಸಿದರೆ ಮುಗಿಯಿತು. ರಬ್ಬರ್ ಶೀಟನ್ನು ಸೋಪುನೀರಿನಿಂದ ಒರೆಸಿ, ತೊಳೆದು, ನೆರಳಿನಲ್ಲಿ ಒಣಗಿಸು. ತಲೆ ಗುಂಡಗಾಗಲೆಂದು ಇಡುವ ರಾಗಿ, ಸಾಸಿವೆಯ ದಿಂಬನ್ನು ತೊಳೆಯಲು ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಇಷ್ಟು ಎಳೆಯ ಕೂಸಿಗೆ ಯಾವ ದಿಂಬೂ ಕ್ಷೇಮವಲ್ಲ.

ಒಂದು ಮಾತು ಮರೆಯುತ್ತಿದ್ದೆ. ಕೈಗವಸು, ಕಾಲುಚೀಲಗಳನ್ನು ಒಗೆದ ಮೇಲೆ ಒಳಮಗ್ಗುಲು ಹೊರಗೆ ಮಾಡಿ ಬಿಡಿನೂಲು, ಉದ್ದ ಕೂದಲು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡು. ಅಂಥ ಒಂದೇ ಎಳೆ ಕೂಸಿನ ಬೆರಳಿಗೆ ಸುತ್ತಿಕೊಂಡು ರಕ್ತ ಓಡದಂತೆ ಬಿಗಿಯಬಲ್ಲದು. ಕೂಸು ಕಾರಣವಿಲ್ಲದೆ ಬಿಡದೆ ಅತ್ತರೆ ಮೊದಲು ಕೈಕಾಲಿನ ಬೆರಳುಗಳನ್ನು ಬಿಚ್ಚಿ ನೋಡು. ಊದಿ ಕೆಂಪಾಗಿದ್ದು ಎಳೆ ಸುಲಭವಾಗಿ ಬಿಡಿಸಲು ಬಾರದಿದ್ದರೆ ತಡಮಾಡದೆ ಡಾಕ್ಟರ ಬಳಿ ಕರೆದುಕೊಂಡು ಹೋಗಬೇಕು.

ಇತಿ,
ನಿನ್ನ ದೊಡ್ಡಮ್ಮ