ತರಬೇತಿಗೆ ಹೊರಟ ಮಗಳಿಗೆ

ಗದಗ
ರವಿವಾರ ರಾತ್ರಿ

ಪ್ರೀತಿಯ ಮಗಳಿಗೆ ಅವ್ವನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ರಾತ್ರಿಯೆಲ್ಲಾ ತಲೆಯಲ್ಲೇ ಇತ್ತು. ಮುಂದಿನ ಸೋಮವಾರದಿಂದ ಹಾವೇರಿಯಲ್ಲಿ ಐದು ದಿನ ಡಿಜಿಟಲ್ ತರಬೇತಿ. "ಹೋದ ಸಲ ಇಪ್ಪತ್ತು ಆಪ್‌ಗಳ ಹೆಸರು ಬರೆದುಕೊಂಡು ಬಂದೆ ಅವ್ವಾ, ಒಂದನ್ನೂ ತರಗತಿಯಲ್ಲಿ ತೆಗೆಯಲಿಲ್ಲ. ಸುಮ್ನೆ ಐದು ದಿನ ಮಕ್ಕಳ ಪಾಠ ಹಾಳು" ಅಂದೆ. ನಾನು ಆಗ ಏನೂ ಹೇಳಲಿಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಇದು. ಅದಕ್ಕೇ ಕಾಗದ ಹಿಡಿದು ಕೂತೆ.

ನನ್ನ ಮೊದಲ ಕಂಪ್ಯೂಟರ್ ತರಬೇತಿಯ ದಿನ ಇನ್ನೂ ನೆನಪಿದೆ. ಕಲಿಸಲು ಬಂದಿದ್ದ ಹುಡುಗ ಒಳ್ಳೆಯವನೇ, ಆದರೆ ಅವಸರ ಜಾಸ್ತಿ. ನಾನು ಮೌಸ್ ಹಿಡಿದು ಫೈಲ್ ಎಲ್ಲಿದೆ ಅಂತ ಹುಡುಕುತ್ತಿದ್ದೆ. ಅವನು ಬಂದು ನನ್ನ ಕೈಯಿಂದ ಮೌಸ್ ತೆಗೆದುಕೊಂಡು, ಟಕ ಟಕ ಒತ್ತಿ, "ಇಷ್ಟೇ ನೋಡ್ರಿ ಮೇಡಂ" ಅಂದು ಮುಂದಿನ ಸಾಲಿಗೆ ಹೋದ. ಹದಿನಾಲ್ಕು ವರ್ಷ ಗಣಿತ ಕಲಿಸಿದವಳು ನಾನು. ಆ ಹೊತ್ತಿನಲ್ಲಿ ನನಗೆ ಏನೂ ಬಾರದು ಅನ್ನಿಸಿಬಿಟ್ಟಿತು. ಸಂಜೆ ಮನೆಗೆ ಬಂದು ನಿಮ್ಮ ಅಪ್ಪನ ಹತ್ತಿರವೂ ಹೇಳಲಿಲ್ಲ.

ಆಮೇಲೆ 2017ರಲ್ಲಿ, ಪಾಠಕ್ಕೆ ಕಂಪ್ಯೂಟರ್ ಬಳಸುವುದನ್ನು ಶಿಕ್ಷಕರಿಗೆ ಕಲಿಸುವ ಸರ್ಕಾರದ ಟಾಲ್ಪ್ ತರಬೇತಿಗೆ ಹೋದೆ. ಅಲ್ಲಿ ಪಕ್ಕದಲ್ಲಿ ಕೂತವರು ಬೇರೆ ಊರಿನ ವಿಜ್ಞಾನದ ಅಕ್ಕೋರು. ಅವರಿಗೆ ಕಂಪ್ಯೂಟರ್ ಚೆನ್ನಾಗಿ ಗೊತ್ತಿತ್ತು. ನಾನು ಎಲ್ಲಾದರೂ ತಡವರಿಸಿದರೆ ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡು, "ನೀವೇ ಒತ್ರಿ, ಏನೂ ಕೆಡೂದಿಲ್ಲ" ಅನ್ನುತ್ತಿದ್ದರು. ನಾನು ಕಲಿತದ್ದು ಆ ಸೆರಗಿನೊಳಗಿನ ಕೈಯಿಂದ. ನಿನ್ನ ಪಕ್ಕದಲ್ಲೂ ನಿವೃತ್ತಿಗೆ ಹತ್ತಿರ ಬಂದ ಯಾರಾದರೂ ಅಕ್ಕೋರು ಕೂತಿರುತ್ತಾರೆ. ಅವರ ಕೈಯಿಂದ ಮೌಸ್ ತೆಗೆದುಕೊಳ್ಳಬೇಡ ಬಂಗಾರಿ. ತರಗತಿಯಲ್ಲಿ ಮಕ್ಕಳ ಕೈಯಿಂದಲೂ ಬೇಡ.

ಆ ತರಬೇತಿಯಲ್ಲೇ ನಾನು ಜಿಯೋಜೀಬ್ರಾ ನೋಡಿದ್ದು. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ ಅನ್ನುವವರು 2001ರಲ್ಲಿ, ಓದುತ್ತಿದ್ದಾಗಲೇ ಶುರು ಮಾಡಿದ, ಗಣಿತದ ಆಕೃತಿ ಬರೆದು ಎಳೆದಾಡಿ ನೋಡುವ ತಂತ್ರಾಂಶ. ಶಾಲೆಗೆ ದುಡ್ಡು ಕೊಡಬೇಕಿಲ್ಲ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ನಮ್ಮಂಥ ಊರಿಗೆ ಅದು ದೊಡ್ಡ ಮಾತು.

ಒಂದು ತ್ರಿಭುಜಕ್ಕೆ 6 ಸೆಂಟಿಮೀಟರ್ ಪಾದ ಹಾಕಿದೆ. ಅದಕ್ಕೆ ಸಮಾಂತರವಾಗಿ 4 ಸೆಂಟಿಮೀಟರ್ ಮೇಲೆ ಒಂದು ಗೆರೆ. ಆ ಗೆರೆಯ ಮೇಲೆ ತ್ರಿಭುಜದ ತುದಿ. ಪಕ್ಕದಲ್ಲಿ ವಿಸ್ತೀರ್ಣ 12 ಅಂತ ತೋರಿಸುತ್ತಿತ್ತು. ತುದಿಯನ್ನು ಹಿಡಿದು ಬಲಕ್ಕೆ ಎಳೆದೆ. ತ್ರಿಭುಜ ವಾಲಿತು, ತೆಳ್ಳಗಾಯಿತು, ಪರದೆಯ ಅಂಚಿನವರೆಗೆ ಚೂಪಾಗಿ ಹೋಯಿತು. ಆ 12 ಮಾತ್ರ ಕದಲಲಿಲ್ಲ. ಪಾದ, ಎತ್ತರ ಅವೇ ಇದ್ದರೆ ವಿಸ್ತೀರ್ಣವೂ ಅದೇ ಅನ್ನುವ ಪ್ರಮೇಯವನ್ನು ಅಷ್ಟೂ ವರ್ಷ ನಾನು ಬೋರ್ಡ್ ಮೇಲೆ ಸಾಧಿಸಿದ್ದೆ. ಮಕ್ಕಳು ಬಾಯಿಪಾಠ ಮಾಡಿದ್ದರು. ಅದು ಹೀಗೆ ಕಣ್ಣ ಮುಂದೆ ನಡೆಯುವುದನ್ನು ನಾನೇ ಯಾವತ್ತೂ ನೋಡಿರಲಿಲ್ಲ. ಎಷ್ಟು ಸಲ ಎಡಕ್ಕೂ ಬಲಕ್ಕೂ ಎಳೆದೆನೋ, ಲೆಕ್ಕವಿಲ್ಲ.

ವಾಪಸ್ ಬಂದ ಮೇಲೆ ಹದಿನೈದು ದಿನ ಏನೂ ಮಾಡಲಿಲ್ಲ. ಪ್ರೊಜೆಕ್ಟರ್ ಇತ್ತು, ಪರದೆ ಇರಲಿಲ್ಲ. ಯುಪಿಎಸ್ ಬ್ಯಾಟರಿ ಸತ್ತಿತ್ತು. ಹೀಗೆ ದಿನಕ್ಕೊಂದು ನೆಪ. ಒಂದು ದಿನ ಅಪ್ಪನ ಬಿಳಿ ಧೋತರ ಮಡಚಿ ಚೀಲದಲ್ಲಿ ಹಾಕಿಕೊಂಡು ಹೋದೆ. ಕಿಟಕಿಯ ಸರಳಿಗೂ ಮೊಳೆಗೂ ಕಟ್ಟಿ ಅದನ್ನೇ ಪರದೆ ಮಾಡಿದೆ.

ಎಳೆಯುವ ಮೊದಲು ಮಕ್ಕಳನ್ನು ಕೇಳಿದೆ: ತುದಿ ದೂರ ಹೋದರೆ ವಿಸ್ತೀರ್ಣ ಏನಾಗುತ್ತದೆ? ಮುಕ್ಕಾಲು ಪಾಲು ಮಕ್ಕಳು ಜಾಸ್ತಿ ಆಗುತ್ತದೆ ಅಂದರು. ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ ಅಂದೆ. ಆಮೇಲೆ ಎಳೆದೆ. ತರಗತಿ ಒಮ್ಮೆಲೇ ಸುಮ್ಮನಾಯಿತು. ಮೊದಲೇ ಕೇಳದೆ ತೋರಿಸಿದ್ದರೆ ಅವರು ಟಿವಿ ನೋಡಿದ ಹಾಗೆ ನೋಡಿ ಬಿಡುತ್ತಿದ್ದರು. ತಮ್ಮ ಉತ್ತರ ಪುಸ್ತಕದಲ್ಲಿ ಬರೆದಿತ್ತಲ್ಲ, ಅದಕ್ಕೇ ಅವರಿಗೆ ಚುರುಕು ಮುಟ್ಟಿದ್ದು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ, "ಅಕ್ಕೋರ, ತುದಿ ಕಪ್ಪತಗುಡ್ಡದ ತನಾ ಹ್ವಾದ್ರೂ ಅಷ್ಟ ಇರ್ತದೇನ್ರಿ?"

ನಾನು ಉತ್ತರ ಕೊಡುವ ಮೊದಲೇ ಕರೆಂಟ್ ಹೋಯಿತು.

ಈಗ ಹೇಳುವುದನ್ನು ಗಮನ ಇಟ್ಟು ಓದು. ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋದೆ. 6 ಅಡಿ ದೂರದಲ್ಲಿ ಎರಡು ಗೂಟ ಹೊಡೆದೆವು. ಅದಕ್ಕೆ ಸಮಾಂತರವಾಗಿ 4 ಅಡಿ ಆಚೆ ರಂಗೋಲಿ ಪುಡಿಯಲ್ಲಿ ಉದ್ದಕ್ಕೆ ಗೆರೆ ಎಳೆದೆವು. ಸುತಳಿಯ ಉಂಡೆ ತಂದು ಎರಡು ಗೂಟಕ್ಕೆ ಸುತ್ತಿ, ಗೆರೆಯ ಮೇಲೆ ಸರಿಯಾಗಿ ನಡುವೆ ಒಬ್ಬ ಹುಡುಗಿಯನ್ನು ನಿಲ್ಲಿಸಿದೆ. ತ್ರಿಭುಜ ಆಯಿತು. 6, 5, 5. ಒಟ್ಟು 16 ಅಡಿ ಸುತಳಿ. ಅವಳು ಗೆರೆಯ ಮೇಲೆ ನಡೆಯತೊಡಗಿದಳು. ನಾಲ್ಕು ಹೆಜ್ಜೆ ಹೋಗಿ, "ಅಕ್ಕೋರ, ಸುತಳಿ ಸಾಲವಲ್ದು, ಬಿಡ್ರಿ" ಅಂದಳು. ಉಂಡೆ ಹಿಡಿದವನು ಬಿಟ್ಟ. ಮತ್ತೆ ಬಿಡು ಅಂದಳು. ಗೂಟ ದಾಟಿ 10 ಅಡಿ ಮುಂದೆ ಹೋಗಿ ನಿಂತಾಗ ಅಳೆದೆವು. 33 ಅಡಿ ದಾಟಿತ್ತು. ಪಾದ ಅದೇ 6, ಎತ್ತರ ಅದೇ 4, ವಿಸ್ತೀರ್ಣ ಅದೇ 12. ಸುತ್ತಳತೆ ದುಪ್ಪಟ್ಟಿಗಿಂತ ಜಾಸ್ತಿ. ಸುತ್ತಳತೆ ಬೆಳೆದರೆ ವಿಸ್ತೀರ್ಣವೂ ಬೆಳೆಯುತ್ತದೆ ಅಂತಲೇ ಮಕ್ಕಳು ಅಂದುಕೊಂಡಿದ್ದರು. ಆ ಗಂಟು ಬಿಚ್ಚಿದ್ದು ಸುತಳಿ, ಲ್ಯಾಪ್‌ಟಾಪ್ ಅಲ್ಲ. ಆದರೆ ಲ್ಯಾಪ್‌ಟಾಪಿನಲ್ಲಿ ಆ ತುದಿಯನ್ನು ಎಳೆಯದಿದ್ದರೆ ನನಗೆ ಸುತಳಿಯ ವಿಚಾರ ಹೊಳೆಯುತ್ತಲೇ ಇರಲಿಲ್ಲ. ಮರುದಿನ ಜಿಯೋಜೀಬ್ರಾದಲ್ಲಿ ವಿಸ್ತೀರ್ಣದ ಪಕ್ಕ ಸುತ್ತಳತೆಯನ್ನೂ ತೋರಿಸುವ ಹಾಗೆ ಮಾಡಿದೆ. ಅದನ್ನು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಅದಕ್ಕೇ ಹೇಳುತ್ತೇನೆ, ತರಬೇತಿಗೆ ಖಾಲಿ ಕೈಯಲ್ಲಿ ಹೋಗಬೇಡ. ನಿನ್ನ ಆರನೇ ತರಗತಿ ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ನಿನಗೇ ಗೊತ್ತು. ದೀಪಾವಳಿಗೆ ಬಂದಾಗ ನೀನೇ ಹೇಳಿದ್ದೆ, ಅರ್ಧಕ್ಕಿಂತ ಮೂರನೇ ಒಂದು ದೊಡ್ಡದು ಅನ್ನುತ್ತಾರೆ, ಎರಡಕ್ಕಿಂತ ಮೂರು ದೊಡ್ಡದಲ್ಲವಾ ಅಂತ. ಆ ಒಂದು ಪಾಠವನ್ನು ಚೀಲದಲ್ಲಿ ಇಟ್ಟುಕೊಂಡು ಹೋಗು. ಅವರು ಯಾವ ಆಪ್ ತೋರಿಸಿದರೂ ಇದರಿಂದ ನನ್ನ ಭಿನ್ನರಾಶಿ ಪಾಠಕ್ಕೆ ಏನಾದರೂ ಆಗುತ್ತದಾ ಅಂತ ನೋಡು. ಹತ್ತೊಂಬತ್ತರಿಂದ ಆಗದಿದ್ದರೆ ಬಿಡು. ಒಂದು ಸಿಕ್ಕರೆ ಅದನ್ನು ಅಲ್ಲೇ ಕೂತು ಪೂರ್ತಿ ಮಾಡು, ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಾ. ಇಂಟರ್ನೆಟ್ ಇಲ್ಲದೆ ತೆರೆಯುತ್ತದಾ ಅಂತ ಅಲ್ಲೇ ವೈ-ಫೈ ಬಂದ್ ಮಾಡಿ ನೋಡು.

ಕನ್ನಡ ಟೈಪಿಂಗ್ ಮಾತ್ರ ಬಿಡದೆ ಕಲಿ. ನಾನು ಎಷ್ಟೋ ವರ್ಷ ಪ್ರಶ್ನೆಪತ್ರಿಕೆಯನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದೆ. ಬೇರೆ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅಕ್ಷರ ಹೋಗಿ ಬರೀ ವಿಚಿತ್ರ ಗುರುತು ಕಾಣುತ್ತಿತ್ತು. ಪರೀಕ್ಷೆಯ ಹಿಂದಿನ ದಿನ ಜೆರಾಕ್ಸ್ ಅಂಗಡಿಯಲ್ಲಿ ನಿಂತು ಅತ್ತಿದ್ದೇನೆ. ಯೂನಿಕೋಡ್‌ನಲ್ಲಿ ಬರೆದರೆ ಆ ಕಷ್ಟವಿಲ್ಲ, ಫೋನಿನಲ್ಲೂ ತೆರೆಯುತ್ತದೆ. ಕೀಲಿಮಣೆ ಅದೇ, ಕೆ.ಪಿ. ರಾವ್ ಅವರು ಮಾಡಿದ್ದು. ಒತ್ತಕ್ಷರಕ್ಕೆ ನಡುವೆ ಎಫ್ ಕೀ ಒತ್ತಬೇಕು. ಎರಡು ವಾರ ಕಷ್ಟ, ಆಮೇಲೆ ಬೆರಳಿಗೆ ತಾನೇ ಗೊತ್ತಾಗುತ್ತದೆ.

2020 ನಿನಗೂ ನೆನಪಿದೆ. ಶಾಲೆ ಮುಚ್ಚಿದಾಗ ಗಂಟೆಗಟ್ಟಲೆ ಆನ್‌ಲೈನ್ ಪಾಠ ಮಾಡಿ ಅಂತ ಎಲ್ಲರೂ ಹೇಳುತ್ತಿದ್ದರು. ನಮ್ಮ ಮಕ್ಕಳ ಮನೆಯಲ್ಲಿ ಇದ್ದದ್ದು ಒಂದೇ ಫೋನ್. ಅದು ಅಪ್ಪನ ಜೊತೆ ಹೊಲಕ್ಕೋ ಗಾಡಿ ಮೇಲೋ ಹೋಗಿ ರಾತ್ರಿ ಎಂಟಕ್ಕೆ ಮನೆಗೆ ಬರುತ್ತಿತ್ತು. ಆಗ ನಾನು ವಿಡಿಯೋ ಬಿಟ್ಟು ಮೂರು ನಿಮಿಷದ ಆಡಿಯೋ ಮಾಡಿ ವಾಟ್ಸಾಪ್‌ಗೆ ಕಳಿಸುತ್ತಿದ್ದೆ. ಒಂದು ಲೆಕ್ಕ, ಒಂದು ಪ್ರಶ್ನೆ. ಡೇಟಾ ಕಡಿಮೆ ಸಾಕು, ರೊಟ್ಟಿ ತಿನ್ನುತ್ತಾ ಕೇಳಬಹುದು. ಫೋನೇ ಇಲ್ಲದ ಮಕ್ಕಳನ್ನು ಆಗಸ್ಟ್‌ನಲ್ಲಿ, ಊರೊಳಗೇ ಹೋಗಿ ಪಾಠ ಮಾಡುವ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾದ ಮೇಲೆ ಗುಡಿಯ ಕಟ್ಟೆಯ ಮೇಲೆ ಕೂರಿಸಿ ಕಲಿಸಿದೆವು. ನಾವು ಯಾವ ಆಪ್ ಆರಿಸುತ್ತೇವೋ ಅದರಿಂದ ಯಾರು ಹೊರಗೆ ಉಳಿಯುತ್ತಾರೆ ಅಂತ ಮೊದಲು ಕೇಳಬೇಕು. ಇದು ನನಗೆ ಆ ವರ್ಷ ಮನಸ್ಸಿಗೆ ಹತ್ತಿದ ಮಾತು.

ಸರ್ಟಿಫಿಕೇಟ್ ವಿಷಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ವೃತ್ತಿ ಕಲಿಕೆ ಬೇಕು ಅನ್ನುತ್ತದೆ. ನನಗೆ ಅದು ಒಪ್ಪಿಗೆ. ಡಾಕ್ಟರು ಕಲಿಯುತ್ತಾ ಇರಬೇಕಾದರೆ ನಾವೂ ಇರಬೇಕು. ಆದರೆ ಗಂಟೆ ತುಂಬಿಸುವುದೇ ಕೆಲಸ ಆಗಬಾರದು. ಒಂದು ಆನ್‌ಲೈನ್ ಕೋರ್ಸಿನ ವಿಡಿಯೋ ಓಡಲು ಬಿಟ್ಟು ನಾನು ಪಾತ್ರೆ ತೊಳೆದಿದ್ದೇನೆ. ಸರ್ಟಿಫಿಕೇಟ್ ಬಂತು. ಅದರಲ್ಲಿ ಏನಿತ್ತು ಅಂತ ಇವತ್ತು ಒಂದು ಸಾಲೂ ನೆನಪಿಲ್ಲ. ಅದಕ್ಕೆ ಈಗಲೂ ಬೇಸರ ಇದೆ. ಅದೇ ಫೋನಿನಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದು ಸರ್ಕಾರದ ದೀಕ್ಷಾ ಆಪ್‌ನಲ್ಲಿ ನೋಡಿದ ಎರಡು ಪಾಠ ಮಾತ್ರ ಚೆನ್ನಾಗಿ ನೆನಪಿವೆ, ಮರುದಿನವೇ ತರಗತಿಯಲ್ಲಿ ಬಳಸಿದೆನಲ್ಲ.

ಈ ಸಲ ಎಐ ಕೂಡ ಇದೆ ಅಂದೆ. ಬಳಸು, ಹೆದರಬೇಡ. ನಾನೂ ಮೊನ್ನೆ ಒಂದರ ಹತ್ತಿರ ಭಿನ್ನರಾಶಿಯ ಹತ್ತು ಲೆಕ್ಕ ಕೇಳಿದೆ. ಲೆಕ್ಕ ಚೆಂದ ಇದ್ದವು, ಎರಡರ ಉತ್ತರ ತಪ್ಪಿತ್ತು. ಪ್ರತಿಯೊಂದನ್ನೂ ನೀನೇ ಬಿಡಿಸಿ ನೋಡದೆ ಮಕ್ಕಳಿಗೆ ಕೊಡಬೇಡ. ಮಕ್ಕಳ ಹೆಸರು, ಅಂಕ, ಫೋಟೋ ಮಾತ್ರ ಯಾವ ಆಪ್‌ಗೂ ಹಾಕಬೇಡ.

ಇನ್ನೊಂದು ಮರೆತಿದ್ದೆ. ಕಲಿತದ್ದನ್ನು ಮುಂದಿನ ಸಮಾಲೋಚನಾ ಸಭೆಯಲ್ಲಿ ಹತ್ತು ನಿಮಿಷ ತೋರಿಸುತ್ತೇನೆ ಅಂತ ನಿಮ್ಮ ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಹತ್ತಿರ ಮೊದಲೇ ಹೇಳಿಬಿಡು. ಹೇಳಿದ ಮೇಲೆ ಮಾಡಲೇಬೇಕಾಗುತ್ತದೆ. ಕ್ಲಸ್ಟರಿನಲ್ಲಿ ನಿನ್ನ ಹಾಗೇ ಆರನೇ ತರಗತಿಗೆ ಗಣಿತ ಕಲಿಸುವ ಒಬ್ಬರನ್ನು ಜೊತೆ ಮಾಡಿಕೋ. ನನಗೆ ಆ ವಿಜ್ಞಾನದ ಅಕ್ಕೋರು ಇವತ್ತಿಗೂ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ.

ಶನಿವಾರ ಬರುತ್ತೀಯಲ್ಲ. ಶೇಂಗಾ ಚಟ್ನಿ ಕುಟ್ಟಿ ಇಟ್ಟಿದ್ದೇನೆ. ನಿಮ್ಮ ಶಾಲೆಯಲ್ಲೂ ಪರದೆ ಇಲ್ಲ ಅಂದಿದ್ದೆ. ಅಪ್ಪನ ಆ ಧೋತರ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಇಟ್ಟಿದ್ದೇನೆ. ಒಂದು ಮೂಲೆಯಲ್ಲಿ ಮೊಳೆಯ ತೂತು ಇದೆ, ಅದನ್ನು ಮೇಲೆ ಮಾಡಿ ಕಟ್ಟು.

ನಿನ್ನ
ಅವ್ವ